ವಿದೇಶದಲ್ಲಿ ಎಂಬಿಎಯೋ, ಎಂಎಸ್ಸೋ? ಅರ್ಜಿ ತುಂಬುವ ಮುನ್ನ

ಬಿಇ ಮುಗಿಸಿದ ಮಕ್ಕಳ ಪಾಲಕರು ನಮ್ಮಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಯಾವುದಕ್ಕೆ ಸಂಬಳ ಹೆಚ್ಚು ಎನ್ನುವ ಮೊದಲು ಸಾಲದ ಲೆಕ್ಕ ನೋಡಿ ಎನ್ನುತ್ತೇವೆ.

ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ತಾಂತ್ರಿಕ ಸ್ನಾತಕೋತ್ತರ ಕೋರ್ಸುಗಳಿಗೆ ಬೋಧನಾ ಶುಲ್ಕವಿಲ್ಲ. ಆದರೆ ಒಂದು ವರ್ಷದ ಜೀವನವೆಚ್ಚವನ್ನು ವೀಸಾಗೆ ಮೊದಲೇ ಖಾತೆಯಲ್ಲಿ ತೋರಿಸಬೇಕು. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯವಂತೂ 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ವಿಧಿಸುತ್ತಿದೆ. ಏಜೆಂಟರ ಬಾಯಲ್ಲಿ ಈ ಮಾತು ಬರುವುದು ಅಪರೂಪ. ಎಂಬಿಎಗೆ ಸಾಮಾನ್ಯವಾಗಿ ಎಲ್ಲೆಡೆ ದೊಡ್ಡ ಶುಲ್ಕವೇ, ಮೇಲಾಗಿ ಕೆಲಸದ ಅನುಭವವನ್ನೂ ಕೇಳುತ್ತಾರೆ.

ಅಮೆರಿಕದಲ್ಲಿ ಎರಡೂ ದುಬಾರಿ. ವ್ಯತ್ಯಾಸವಿರುವುದು ಓದಿನ ನಂತರ: ಪದವಿ ಪಡೆದವರಿಗೆ ದುಡಿಯಲು 12 ತಿಂಗಳ ಅವಕಾಶ, ವಿಜ್ಞಾನ-ತಂತ್ರಜ್ಞಾನ ಪಟ್ಟಿಯ ಕೋರ್ಸಾದರೆ ಇನ್ನೂ 24. ಕೆಲವು ಬಿಸಿನೆಸ್ ಅನಾಲಿಟಿಕ್ಸ್ ಕೋರ್ಸುಗಳೂ ಆ ಪಟ್ಟಿಯಲ್ಲಿವೆ. ಹೆಸರನ್ನು ನಂಬದೆ ವಿಶ್ವವಿದ್ಯಾಲಯದಿಂದಲೇ ಖಚಿತಪಡಿಸಿಕೊಳ್ಳಿ. ಬಡ್ಡಿ ಬೇಡವೆಂದು ಬಂಧುಗಳಲ್ಲಿ ಕೈಸಾಲ ಮಾಡಿದ ಮನೆಗೆ ಆ 24 ತಿಂಗಳ ಸಂಬಳ ಸಣ್ಣದಲ್ಲ.

ವ್ಯವಹಾರದಲ್ಲೇ ಮನಸ್ಸಿರುವವರು ಎರಡು-ಮೂರು ವರ್ಷ ಇಲ್ಲೇ ದುಡಿದು ಆಮೇಲೆ ಎಂಬಿಎಗೆ ಹೋಗುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಯಾವುದನ್ನೇ ಆರಿಸಿದರೂ ಕೋರ್ಸಿನ ಶುಲ್ಕದ ವಿವರವನ್ನು ಅರ್ಜಿಯೊಂದಿಗೆ ಲಗತ್ತಿಸಿ.