ಸವೆದು ಕಾಯುವ ಲೋಹ

ಭಿನ್ನ ಸ್ವಭಾವದ ಎರಡು ಲೋಹಗಳು ಪರಸ್ಪರ ತಗುಲಿಕೊಂಡು ಉಪ್ಪುನೀರಿನಲ್ಲಿ ಮುಳುಗಿದ್ದರೆ, ಅವುಗಳಲ್ಲೊಂದು ಬೇಗನೆ ಸವೆಯುತ್ತದೆ, ಮತ್ತೊಂದು ಉಳಿಯುತ್ತದೆ. ಪ್ರೌಢಶಾಲೆಯಲ್ಲಿ ಬೋಧಿಸುವ ಈ ತತ್ತ್ವವು ಕರಿಹಲಗೆಯ ಮೇಲಿರುವವರೆಗೆ ಬರಿಯ ಸಮೀಕರಣದಂತೆ ಕಾಣುತ್ತದೆ. ಅದು ಜನರ ಹಣವನ್ನೂ ಕ್ಷೇಮವನ್ನೂ ಮುಟ್ಟುವ ಸಂಗತಿಯೆಂಬುದಕ್ಕೆ ಅಮೆರಿಕ, ಸ್ವೀಡನ್ ಮೊದಲಾದ ದೇಶಗಳ ಯಂತ್ರದೋಣಿಗಳು ಉತ್ತಮ ನಿದರ್ಶನ.

ಯಂತ್ರದ ರಚನೆ

ಈ ಬಗೆಯ ದೋಣಿಯಲ್ಲಿ ಎಂಜಿನ್ ಒಳಗಿರುತ್ತದೆ. ಅದರ ಶಕ್ತಿಯು ದೋಣಿಯ ಹಿಂಗೋಡೆಯ ರಂಧ್ರದ ಮೂಲಕ ಹೊರಗಿನ ಹಲ್ಲುಚಕ್ರಗಳ ಪೆಟ್ಟಿಗೆಗೆ ಬಂದು, ನೀರಿನೊಳಗಿನ ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಈ ಹೊರಭಾಗವೇ ‘ಸ್ಟರ್ನ್ ಡ್ರೈವ್’. 1959ರಲ್ಲಿ ವೋಲ್ವೋ ಪೆಂಟಾ ಸಂಸ್ಥೆಯು ‘ಆಕ್ವಾಮ್ಯಾಟಿಕ್’ ಎಂಬ ಹೆಸರಿನಿಂದ ಇದನ್ನು ಹೊರತಂದ ಬಳಿಕ ಇದರ ಬಳಕೆ ವ್ಯಾಪಕವಾಯಿತು. ಹಗುರವಾಗಿರಲೆಂದು ಪೆಟ್ಟಿಗೆಯನ್ನು ಅಲ್ಯೂಮಿನಿಯಂ ಮಿಶ್ರಲೋಹದಿಂದ ಎರಕಹೊಯ್ಯುತ್ತಾರೆ. ಪ್ರೊಪೆಲ್ಲರ್ ಅನೇಕ ವೇಳೆ ಸ್ಟೇನ್‌ಲೆಸ್ ಸ್ಟೀಲಿನದು. ಎರಡು ಲೋಹಗಳು, ಅವನ್ನು ಕೂಡಿಸುವ ದಂಡ, ಸುತ್ತಲೂ ಉಪ್ಪುನೀರು: ಒಂದು ವಿದ್ಯುತ್‌ಕೋಶಕ್ಕೆ ಬೇಕಾದುದೆಲ್ಲವೂ ಇಲ್ಲಿ ನೆರೆದಿದೆ. ಟಾರ್ಚಿನ ಸಾಮಾನ್ಯ ಒಣಕೋಶದಲ್ಲಿ ಸತುವಿನ ಕವಚ ಕರಗುವಂತೆ, ಇಲ್ಲಿ ಅಲ್ಯೂಮಿನಿಯಂ ಕರಗುತ್ತದೆ. ಗಾಳಿಯಲ್ಲಿ ಅದನ್ನು ಕಾಯುವ ತೆಳುವಾದ ಆಕ್ಸೈಡ್ ಪೊರೆಯನ್ನು ಉಪ್ಪಿನ ಕ್ಲೋರೈಡ್ ಅಲ್ಲಲ್ಲಿ ಭೇದಿಸುವುದರಿಂದ, ಸವೆತವು ಸಮನಾಗಿ ಹರಡದೆ ಆಳವಾದ ಗುಳಿಗಳಾಗಿ ಇಳಿಯುತ್ತದೆ.

ಡೇವಿಯ ಉಪಾಯ

ಇದಕ್ಕೆ ಪರಿಹಾರ ಹಳೆಯದು. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆ ಸವೆಯುತ್ತಿದ್ದಾಗ, ಹಂಫ್ರಿ ಡೇವಿಯು 1824ರಲ್ಲಿ ತಾಮ್ರಕ್ಕೆ ಸತು ಅಥವಾ ಕಬ್ಬಿಣದ ತುಂಡುಗಳನ್ನು ಜೋಡಿಸಿದರೆ ಅವು ಸವೆದು ತಾಮ್ರ ಉಳಿಯುವುದೆಂದು ತೋರಿಸಿಕೊಟ್ಟನು. ಆದರೆ ತಾಮ್ರ ಕರಗುವುದು ನಿಂತೊಡನೆ, ಅದರ ವಿಷಕ್ಕೆ ಹೆದರಿ ದೂರವಿದ್ದ ಚಿಪ್ಪುಜೀವಿಗಳೂ ಪಾಚಿಯೂ ಹಡಗಿನ ತಳಕ್ಕೆ ಅಂಟಿ ವೇಗವನ್ನು ಕುಂದಿಸಿದವು. ನೌಕಾಪಡೆ ಆ ಪ್ರಯೋಗವನ್ನು ಕೈಬಿಟ್ಟಿತು. ತತ್ತ್ವವು ಮಾತ್ರ ಉಳಿಯಿತು.

ಇಂದಿನ ಸ್ಟರ್ನ್ ಡ್ರೈವಿಗೆ ಅದೇ ತತ್ತ್ವದಂತೆ ಬಲಿಲೋಹದ ಬಿಲ್ಲೆಗಳನ್ನು ಬಿಗಿಯುತ್ತಾರೆ. ಸಮುದ್ರದಲ್ಲಿ ಸತು ಅಥವಾ ವಿಶೇಷ ಅಲ್ಯೂಮಿನಿಯಂ ಮಿಶ್ರಲೋಹ, ಸಿಹಿನೀರಿನಲ್ಲಿ ಮೆಗ್ನೀಸಿಯಂ ಸೂಕ್ತ. ಮೆಗ್ನೀಸಿಯಂ ಸಮುದ್ರದಲ್ಲಿ ಅತಿಬೇಗ ಕರಗಿಹೋಗುತ್ತದೆ. ಬಿಲ್ಲೆಯು ಅರ್ಧದಷ್ಟು ಸವೆದಾಗಲೇ ಅದನ್ನು ಬದಲಿಸತಕ್ಕದ್ದು.

ಹಳೆಯ ದೋಣಿಯ ಪರೀಕ್ಷೆ

ಬಳಸಿದ ದೋಣಿಯನ್ನು ಕೊಳ್ಳುವವನು ಹೊಸ ಬಣ್ಣವನ್ನು ನೋಡಿ ಮರುಳಾಗಬಾರದು. ಬಣ್ಣದಲ್ಲಿ ಬೊಬ್ಬೆಗಳೂ ಬಿಳಿಯ ಪುಡಿಯೂ ಕಂಡರೆ ಕೆಳಗೆ ಲೋಹ ಸವೆದಿದೆಯೆಂದು ತಿಳಿಯಬೇಕು. ಪೆಟ್ಟಿಗೆಯ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ. ಹಿಂಗೋಡೆಯ ರಂಧ್ರವನ್ನು ಕಾಯುವ ರಬ್ಬರ್ ಕವಚವು ಅಲ್ಯೂಮಿನಿಯಂ ಅಂಚನ್ನೇ ಹಿಡಿದಿರುತ್ತದೆ. ಆ ಅಂಚು ಸವೆದು ಕವಚ ಸಡಿಲವಾದರೆ, ದಡದಲ್ಲಿ ಕಟ್ಟಿಹಾಕಿದ ದೋಣಿಯೂ ಮುಳುಗಬಹುದು.

ಬಿಲ್ಲೆಯ ವಿಷಯದಲ್ಲಿ ನಮ್ಮ ಸಹಜ ಊಹೆ ತಲೆಕೆಳಗಾಗುತ್ತದೆ. ವರ್ಷಗಟ್ಟಲೆ ನೀರಿನಲ್ಲಿದ್ದೂ ಹೊಸದರಂತೆ ಉಳಿದ ಬಿಲ್ಲೆ ಒಳ್ಳೆಯ ಚಿಹ್ನೆಯಲ್ಲ. ಅದಕ್ಕೂ ಪೆಟ್ಟಿಗೆಗೂ ನಡುವೆ ಬಣ್ಣವೋ ಕೊಳೆಯೋ ಸೇರಿ ವಿದ್ಯುತ್ ಸಂಪರ್ಕ ತಪ್ಪಿರಬಹುದು. ಆಗ ಸವೆಯುವುದು ಪೆಟ್ಟಿಗೆಯೇ. ಆದುದರಿಂದ ಬಿಲ್ಲೆ ಕೂರುವ ಜಾಗವನ್ನು ಹೊಳೆಯುವಂತೆ ಉಜ್ಜಬೇಕು; ಬಿಲ್ಲೆಗೆ ಎಂದಿಗೂ ಬಣ್ಣ ಬಳಿಯಬಾರದು.

ಗುಳಿಗಳು ಆಳವಿಲ್ಲದಿದ್ದರೆ, ಬಿಳಿಪುಡಿಯನ್ನೆಲ್ಲ ಕೆರೆದು ಶುದ್ಧ ಲೋಹವನ್ನು ಹೊರತರಬೇಕು. ಸಿಹಿನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಆಕ್ಸೈಡ್ ಪೊರೆ ಬಲಿಯುವ ಮುನ್ನವೇ ಅಲ್ಯೂಮಿನಿಯಂಗೆ ಹೊಂದುವ ಎಪಾಕ್ಸಿ ಪ್ರೈಮರನ್ನು ಬಳಿದು ಮೇಲೆ ಬಣ್ಣ ಕೊಡಬೇಕು. ತಾಮ್ರದ ಅಂಶವುಳ್ಳ ಪಾಚಿನಿರೋಧಕ ಬಣ್ಣ ಇಲ್ಲಿ ಸಲ್ಲದು; ಅದು ರೋಗವನ್ನೇ ಮದ್ದೆಂದು ಹಚ್ಚಿದಂತೆ. ನೀರು ತಡೆಯುವ ಅಂಚುಗಳೇ ಆಳವಾಗಿ ಸವೆದಿದ್ದರೆ, ಆ ಭಾಗವನ್ನು ಬದಲಿಸುವುದೇ ಸುರಕ್ಷಿತ. ದಡದಿಂದ ವಿದ್ಯುತ್ ಪಡೆಯುವ ದೋಣಿಗಳು ಭೂಸಂಪರ್ಕದ ತಂತಿಯಿಂದ ಒಂದಕ್ಕೊಂದು ಕೂಡಿಕೊಳ್ಳುವುದರಿಂದ, ಒಬ್ಬನ ಬಿಲ್ಲೆ ನೆರೆಯವನ ದೋಣಿಯನ್ನು ಕಾಯುತ್ತ ಬೇಗನೆ ತೀರಿಹೋಗುವುದೂ ಉಂಟು. ಇದನ್ನು ತಡೆಯಲು ‘ಗ್ಯಾಲ್ವನಿಕ್ ಐಸೊಲೇಟರ್’ ಎಂಬ ಸಾಧನವನ್ನು ಜೋಡಿಸುತ್ತಾರೆ.

ತರಗತಿಯಲ್ಲಿ

ಕಡಲನ್ನು ಕಾಣದ ವಿದ್ಯಾರ್ಥಿಗಳಿಗೂ ಇದನ್ನು ತೋರಿಸಬಹುದು. ಉಜ್ಜಿದ ಮೂರು ಕಬ್ಬಿಣದ ಮೊಳೆಗಳಲ್ಲಿ ಒಂದಕ್ಕೆ ತಾಮ್ರದ ತಂತಿಯನ್ನೂ ಮತ್ತೊಂದಕ್ಕೆ ಸತುವಿನ ಪಟ್ಟಿಯನ್ನೂ ಬಿಗಿಯಾಗಿ ಸುತ್ತಿ, ಮೂರನೆಯದನ್ನು ಹಾಗೆಯೇ ಬಿಟ್ಟು, ಮೂರನ್ನೂ ಬೇರೆ ಬೇರೆ ಲೋಟಗಳ ಉಪ್ಪುನೀರಿನಲ್ಲಿ ಕೆಲವು ದಿನ ಇರಿಸಬೇಕು. ತಾಮ್ರದ ಸಂಗಡ ಇದ್ದ ಮೊಳೆ ಬೇಗನೆ ತುಕ್ಕು ಹಿಡಿಯುವುದು. ಸತುವಿನ ಸಂಗಡ ಇದ್ದುದು ಉಳಿಯುವುದು. ಸತುವಿನ ಪಟ್ಟಿಯನ್ನೂ ಬಿಚ್ಚಿ ಮಕ್ಕಳ ಕೈಗೆ ಕೊಡಬೇಕು. ಮೊಳೆ ಉಳಿದುದು ಯಾವುದರ ವೆಚ್ಚದಿಂದ ಎಂಬುದನ್ನು ಅವರು ತಮ್ಮ ಕಣ್ಣಿನಿಂದಲೇ ಕಂಡು ಹೇಳಲಿ.