ಟಿ.ಬಿ. ಡ್ಯಾಂ ದಂಡೆಗೆ ಕೊಲ್ಲಿಯ ಆಕಾರ ಬಂದದ್ದು ಹೇಗೆ?

ಪ್ರಶ್ನೆ: ಮಳೆಗಾಲದಲ್ಲಿ ಹೊಸಪೇಟೆಯ ಟಿ.ಬಿ. ಡ್ಯಾಂ ತುಂಬಿದಾಗ ಹಿನ್ನೀರು ಗುಡ್ಡಗಳ ಮಧ್ಯೆ ಸಮುದ್ರದ ಕೊಲ್ಲಿಯ ಹಾಗೆ ಒಳಕ್ಕೆ ಚಾಚಿರುತ್ತದೆ. ಇದು ನೀರು ಕೊರೆದು ಆದದ್ದೇ?
– ಕಂಪ್ಲಿಯ ಓದುಗರೊಬ್ಬರು

ಉತ್ತರ: ಅಲ್ಲ. ಟಿ.ಬಿ. ಡ್ಯಾಂ, ಅಂದರೆ ತುಂಗಭದ್ರಾ ಅಣೆಕಟ್ಟೆ, ಮುಗಿದದ್ದು 1953ರಲ್ಲಿ. ನಿಂತ ನೀರು ಇಷ್ಟು ವರ್ಷದಲ್ಲಿ ಗುಡ್ಡ ಕೊರೆಯಲಾರದು. ಸಂಡೂರಿನ ಬೆಟ್ಟಸಾಲುಗಳ ನೆತ್ತಿಯಲ್ಲಿರುವುದು ಕಬ್ಬಿಣದ ಅದಿರಿನ ಗಟ್ಟಿ ಕಲ್ಲು. ಅದು ಸವೆಯದೆ ನಿಂತಿತು. ಪಕ್ಕದ ಮೆತ್ತನೆಯ ಕಲ್ಲನ್ನು ಮಳೆಯೂ ಹಳ್ಳಗಳೂ ಲಕ್ಷಾಂತರ ವರ್ಷ ತಿಂದು ತಗ್ಗು ಮಾಡಿದವು. ಕಟ್ಟೆ ಎದ್ದ ಮೇಲೆ ನೀರು ಸಮುದ್ರಮಟ್ಟದಿಂದ 1633 ಅಡಿಯವರೆಗೆ ನಿಲ್ಲತೊಡಗಿತು. ಅದಕ್ಕಿಂತ ಕೆಳಗಿದ್ದ ತಗ್ಗೆಲ್ಲ ಮುಳುಗಿತು, ಎತ್ತರದ ದಿಣ್ಣೆಗಳು ನೀರಿನೊಳಗೆ ಚಾಚಿಕೊಂಡು ಉಳಿದವು. ನಿಮಗೆ ಕಾಣುವ ದಂಡೆ ಹಳೆಯ ನೆಲದ್ದೇ ಆಕಾರ.

ಆ ನೆಲ ಬರಿದಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಸುಮಾರು 90 ಹಳ್ಳಿಗಳು ಮುಳುಗಿದವು. ವಿಜಯನಗರದ ಕಾಲದ ವಲ್ಲಭಾಪುರದ ಅಣೆಯೂ ಹಿನ್ನೀರಿನಡಿ ಹೋಯಿತು; ಅದರಿಂದ ಹೊರಡುತ್ತಿದ್ದ ಬಸವಣ್ಣ ಕಾಲುವೆಗೆ ಈಗ ಡ್ಯಾಂನಿಂದಲೇ ನೀರು.

ಕಡಲಿನ ಎಷ್ಟೋ ಕೊಲ್ಲಿಗಳೂ ಹೀಗೆ ಮುಳುಗಿದ ಕಣಿವೆಗಳೇ. ಹಿಂದೂ ಮಹಾಸಾಗರದ ದಕ್ಷಿಣಕ್ಕೆ, ಅಂಟಾರ್ಕ್ಟಿಕಾದ ದಿಕ್ಕಿನಲ್ಲಿ ಕೆರ್ಗೆಲೆನ್ ಎಂಬ ಫ್ರೆಂಚ್ ದ್ವೀಪವಿದೆ. ಊರು ಎನ್ನುವಂಥದ್ದಿಲ್ಲ, ವಿಜ್ಞಾನಿಗಳ ಒಂದು ನೆಲೆಯಿದೆ. ಆ ನೆಲೆ ಇರುವ ಮೊರ್ಬಿಹಾನ್ ಕೊಲ್ಲಿಯ ತುಂಬ ಸಣ್ಣ ಸಣ್ಣ ದ್ವೀಪಗಳು. ಅಲ್ಲಿನ ಕಣಿವೆಗಳನ್ನು ಕೊರೆದದ್ದು ಹಿಮನದಿಗಳು. ಹಿಮಯುಗ ಮುಗಿದು ಜಗತ್ತಿನ ಕಡಲು ಸುಮಾರು 120 ಮೀಟರ್ ಏರಿದಾಗ ಅಂಥ ತಗ್ಗುಗಳಿಗೆ ಉಪ್ಪುನೀರು ನುಗ್ಗಿತು, ದಿಬ್ಬಗಳು ದ್ವೀಪಗಳಾದವು.

ಆದರೆ ಕೆರ್ಗೆಲೆನ್ನಿನ ದಂಡೆ ಇದ್ದಲ್ಲೇ ಇರುತ್ತದೆ, ನಮ್ಮದು ವರ್ಷವರ್ಷವೂ ಜಾಗ ಬಿಡುತ್ತದೆ. ಬೇಸಿಗೆಯಲ್ಲಿ ಹೊಸಪೇಟೆ ಕಡೆಯ ಗುಡ್ಡದ ಬುಡ ನೋಡಿ: ಇಳಿಜಾರು ಕಡಿದಾಗಿರುವುದರಿಂದ ನೀರು ಎಷ್ಟೋ ಅಡಿ ಇಳಿದರೂ ಬಂಡೆಯ ಮೇಲೊಂದು ಮಾಸಲು ಪಟ್ಟೆ ಕಾಣುತ್ತದೆ, ಅಷ್ಟೆ. ಹಗರಿಬೊಮ್ಮನಹಳ್ಳಿ ಕಡೆ ನೆಲ ಸಮತಟ್ಟು. ಅಲ್ಲಿ ಒಂದೆರಡು ಅಡಿ ಇಳಿದರೆ ಸಾಕು, ನೀರು ದೂರಕ್ಕೆ ಸರಿದು ಬಿರುಕುಬಿಟ್ಟ ಕೆಸರು ತೆರೆದುಕೊಳ್ಳುತ್ತದೆ, ಕುರಿಹಿಂಡು ಮೇಯಲು ಬರುತ್ತದೆ.

ಈ ಕೊಲ್ಲಿಗಳು ಹೀಗೇ ಉಳಿಯುವುದಿಲ್ಲ ಎಂಬುದು ನನ್ನ ಆತಂಕ. ಹೊಳೆ, ಹಳ್ಳಗಳು ನಿಂತ ನೀರಿಗೆ ಸೇರುವಲ್ಲಿ ವೇಗ ಕಳೆದುಕೊಂಡು, ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸುತ್ತವೆ. ಹಾಗಾಗಿ ಹೂಳು ಮೊದಲು ಕೂರುವುದು ಇಂಥ ಮೂಲೆಗಳ ತುದಿಯಲ್ಲೇ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105 ಟಿಎಂಸಿ.