ಹಿತ್ತಾಳೆಯ ತಗಡಿನಲ್ಲಿ ರೈಟ್ ಸೋದರರ ವಿಮಾನ

ತೆಳುವಾದ ಲೋಹದ ತಗಡನ್ನು ಕತ್ತರಿಸಿ, ಬಾಗಿಸಿ, ಬೆಸೆದು ವಿಮಾನದ ಪುಟ್ಟ ಪ್ರತಿಕೃತಿಯನ್ನು ನಿರ್ಮಿಸುವ ಹವ್ಯಾಸವನ್ನು ಮಕ್ಕಳಾಟವೆಂದು ಎಣಿಸುವವರುಂಟು. ಆದರೆ ಮನುಷ್ಯನನ್ನು ಹೊತ್ತು ಸ್ವಂತ ಶಕ್ತಿಯಿಂದ ಹಾರಿದ ಮೊದಲ ವಿಮಾನದ ಹಿಂದೆ ಇದ್ದುದು ಇಂಥ ತಗಡಿನ ತುಂಡುಗಳೇ. ೧೯೦೦ ಮತ್ತು ೧೯೦೧ರಲ್ಲಿ ವಿಲ್ಬರ್ ಮತ್ತು ಆರ್ವಿಲ್ ರೈಟ್ ಸೋದರರು ಕಟ್ಟಿದ ಗ್ಲೈಡರುಗಳು, ಅಂದು ದೊರೆಯುತ್ತಿದ್ದ ಕೋಷ್ಟಕಗಳನ್ನು ನಂಬಿ ಲೆಕ್ಕ ಹಾಕಿದ್ದಕ್ಕಿಂತ ಬಹಳ ಕಡಿಮೆ ಎತ್ತುವ ಬಲವನ್ನು ಕೊಟ್ಟವು. ತಪ್ಪು ತಮ್ಮ ರೆಕ್ಕೆಯಲ್ಲಿದೆಯೋ ಅಂಕಿಗಳಲ್ಲಿದೆಯೋ ತಿಳಿಯದೆ ಅವರು ಡೇಟನ್ ನಗರದ ತಮ್ಮ ಬೈಸಿಕಲ್ ಅಂಗಡಿಯಲ್ಲಿ ಆರು ಅಡಿ ಉದ್ದದ ಒಂದು ಮರದ ಪೆಟ್ಟಿಗೆಯನ್ನು ಮಾಡಿ, ಅದರ ಒಂದು ತುದಿಗೆ ಬೀಸಣಿಗೆಯನ್ನು ಜೋಡಿಸಿ, ಉಕ್ಕಿನ ತಗಡಿನಿಂದ ಕತ್ತರಿಸಿದ ಅಂಗೈಗಿಂತ ಚಿಕ್ಕದಾದ ರೆಕ್ಕೆಗಳನ್ನು ಒಂದೊಂದಾಗಿ ಗಾಳಿಗೆ ಒಡ್ಡಿದರು. ಅಳೆಯುವ ತಕ್ಕಡಿಗೆ ಅವರು ಬಳಸಿದ್ದು ಗರಗಸದ ಹಳೆಯ ಅಲಗುಗಳು ಮತ್ತು ಸೈಕಲ್ ಚಕ್ರದ ಅರೆಕಡ್ಡಿಗಳು. ಗಾಳಿಯ ಒತ್ತಡದ ಲೆಕ್ಕದಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಹಲವರು ಬಳಸುತ್ತಿದ್ದ ೦.೦೦೫ ಎಂಬ ಗುಣಾಂಕವು ತಪ್ಪೆಂದೂ, ಅದು ಸುಮಾರು ೦.೦೦೩೩ ಇರಬೇಕೆಂದೂ ಅವರು ಆ ಕಾಲದಲ್ಲೇ ಕಂಡುಕೊಂಡರು. ೧೯೦೩ರ ಡಿಸೆಂಬರ್ ೧೭ರಂದು ಹಾರಿದ ವಿಮಾನವು ಈ ಅಳತೆಗಳ ಫಲ.

ಆ ವಿಮಾನವನ್ನೇ ೭೨ರಲ್ಲಿ ಒಂದು ಪಾಲಿನ ಪ್ರಮಾಣದಲ್ಲಿ ಹಿತ್ತಾಳೆಯಿಂದ ಮಾಡುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ. ಮೂಲ ವಿಮಾನದ ರೆಕ್ಕೆಗಳ ಹರವು ೧೨.೩ ಮೀಟರು, ಉದ್ದ ೬.೪ ಮೀಟರು. ನಮ್ಮ ಮಾದರಿಯಲ್ಲಿ ಇವು ಕ್ರಮವಾಗಿ ೧೭೧ ಮತ್ತು ೮೯ ಮಿಲಿಮೀಟರು; ಅಂದರೆ ಅಂಗೈಯ ಮೇಲೆ ನಿಲ್ಲುವಷ್ಟು. ನಕ್ಷೆಯನ್ನು ಬರೆಯುವಾಗಲೇ ಒಂದು ಎಚ್ಚರಿಕೆ ಬೇಕು. ಎಡಗಡೆಯನ್ನು ಅಳೆದು ಬಲಗಡೆಗೂ ಅದನ್ನೇ ನಕಲು ಮಾಡುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಈ ವಿಮಾನದಲ್ಲಿ ಅದು ಸಲ್ಲದು. ಚಾಲಕನು ನಡುಗೆರೆಯ ಎಡಕ್ಕೆ ಮಲಗುತ್ತಿದ್ದನು, ಎಂಜಿನ್ ಬಲಕ್ಕಿತ್ತು. ಎಂಜಿನ್ನಿನ ತೂಕ ಚಾಲಕನ ತೂಕಕ್ಕಿಂತ ಹೆಚ್ಚು. ಈ ವ್ಯತ್ಯಾಸವನ್ನು ಸರಿದೂಗಿಸಲು ಬಲರೆಕ್ಕೆಯನ್ನು ನಾಲ್ಕು ಅಂಗುಲ ಹೆಚ್ಚು ಉದ್ದವಾಗಿ ಮಾಡಿದ್ದರು. ನಮ್ಮ ಪ್ರಮಾಣದಲ್ಲಿ ಅದು ೧.೪ ಮಿಲಿಮೀಟರು. ನೋಡುವವರಿಗೆ ಕಾಣದು, ಕಟ್ಟುವವನಿಗೆ ಮಾತ್ರ ಗೊತ್ತಿರುತ್ತದೆ.

ರೆಕ್ಕೆಗೆ ೦.೨ ಮಿಲಿಮೀಟರು ದಪ್ಪದ ತಗಡು ಸಾಕು. ಮೂಲ ರೆಕ್ಕೆಯ ಉಬ್ಬು ಅದರ ಅಗಲದ ಇಪ್ಪತ್ತರಲ್ಲಿ ಒಂದು ಪಾಲು. ೨೭ ಮಿಲಿಮೀಟರು ಅಗಲದ ನಮ್ಮ ಪಟ್ಟಿಗೆ ಸುಮಾರು ೧.೪ ಮಿಲಿಮೀಟರು ಉಬ್ಬು ಬೇಕು. ಇದನ್ನು ವೃತ್ತದ ಕಂಸವೆಂದು ಭಾವಿಸಿದರೆ ತ್ರಿಜ್ಯವು ೬೯ ಮಿಲಿಮೀಟರಿನಷ್ಟಾಗುತ್ತದೆ. ಹಾಗಾದರೆ ಅಷ್ಟೇ ತ್ರಿಜ್ಯದ ಡಬ್ಬಿಯ ಮೇಲೆ ತಗಡನ್ನು ಒತ್ತಿದರೆ ಸಾಲದೆ? ನಾವು ಮೊದಲು ಹಾಗೆಯೇ ಮಾಡಿದೆವು. ಕೈಬಿಟ್ಟೊಡನೆ ತಗಡು ಏನೂ ಆಗದಂತೆ ಚಪ್ಪಟೆಯಾಯಿತು. ಕಾರಣ ಸರಳ. ಬಾಗಿದ ತಗಡಿನ ಹೊರಮೈಯ ಹಿಗ್ಗು ಅದರ ಅರ್ಧ ದಪ್ಪವನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ಇಲ್ಲಿ ಸಾವಿರಕ್ಕೆ ಒಂದೂವರೆ ಪಾಲಿಗಿಂತ ತುಸು ಕಡಿಮೆ. ಗಡುಸಾದ ಹಿತ್ತಾಳೆಯು ಸಾವಿರಕ್ಕೆ ಎರಡು ಪಾಲಿನಷ್ಟು ಹಿಗ್ಗನ್ನು ತಾಳಿಕೊಂಡು ಮತ್ತೆ ಮೊದಲಿನಂತಾಗಬಲ್ಲದು. ಸ್ಥಿತಿಸ್ಥಾಪಕತೆಯ ಮಿತಿಯನ್ನು ದಾಟದ ಹೊರತು ಲೋಹವು ನಮ್ಮ ಇಚ್ಛೆಯನ್ನು ನೆನಪಿನಲ್ಲಿಡುವುದಿಲ್ಲ. ಆದ್ದರಿಂದ ಬೇಕಾದುದಕ್ಕಿಂತ ಹೆಚ್ಚಾಗಿಯೇ ಬಾಗಿಸಿ, ಹಿಂದೆ ಸರಿಯಲು ಬಿಡಬೇಕು. ೨೦ ಮಿಲಿಮೀಟರು ತ್ರಿಜ್ಯದ ಮೇಲೆ ಉರುಳಿಸಿದರೆ ಹಿಗ್ಗು ಸಾವಿರಕ್ಕೆ ಐದು ಪಾಲಾಗುತ್ತದೆ. ಬಿಟ್ಟಾಗ ತಗಡು ಬಹುಪಾಲು ಬಿಚ್ಚಿಕೊಂಡರೂ ನಮಗೆ ಬೇಕಾದ ಉಬ್ಬು ಉಳಿದುಕೊಳ್ಳುತ್ತದೆ. ಈ ಅಳತೆಯ ಉರುಳೆಯನ್ನು ಹುಡುಕಿಕೊಂಡು ಹೊರಗೆ ಹೋಗಬೇಕಾಗಿಲ್ಲ. ಅಡುಗೆಮನೆಯ ಲಟ್ಟಣಿಗೆ ಬಹುಮಟ್ಟಿಗೆ ಅದೇ ಗಾತ್ರದ್ದು. (ಕೆಲಸ ಮುಗಿದ ಮೇಲೆ ತೊಳೆದಿಡುವುದು ಒಳ್ಳೆಯದು.) ತಗಡನ್ನು ಕಾಯಿಸಿ ಮೆತ್ತಗೆ ಮಾಡಿಕೊಳ್ಳುವವರೂ ಉಂಟು; ಆದರೆ ಹಾಗೆ ಮಾಡಿದ ರೆಕ್ಕೆಯಲ್ಲಿ ಬೆರಳು ಒತ್ತಿದಲ್ಲೆಲ್ಲ ಗುಳಿ ಬೀಳುತ್ತದೆ.

ಇನ್ನು ಬೆಸುಗೆ. ಕಷ್ಟವೆಲ್ಲ ಇರುವುದು ಇಲ್ಲಿಯೇ. ಹಿತ್ತಾಳೆಯ ಮೈಮೇಲೆ ಸದಾ ಆಕ್ಸೈಡಿನ ತೆಳುಪದರವಿರುತ್ತದೆ. ಕರಗಿದ ಬೆಸುಗೆಯು ಅದಕ್ಕೆ ಅಂಟದೆ ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಗಾಗಿ ಉರುಳುತ್ತದೆ. ಪಾತ್ರೆಗೆ ಕಲಾಯಿ ಹಾಕುವವನು ಕಾದ ಪಾತ್ರೆಯೊಳಕ್ಕೆ ನವಸಾಗರವನ್ನು ಉದುರಿಸುವುದು ಈ ಪದರವನ್ನು ತೆಗೆಯುವುದಕ್ಕಾಗಿಯೇ. ನಮ್ಮ ಕೆಲಸದಲ್ಲೂ ಅಂಥದೇ ಒಂದು ದ್ರಾವಕ ಬೇಕು. ಮೈ ಶುದ್ಧವಾಗಿದ್ದರೆ ಬೆಸುಗೆಯು ಎರಡು ತಗಡುಗಳ ನಡುವಿನ ಸಂದಿಯೊಳಕ್ಕೆ ತಾನಾಗಿಯೇ ಹರಿದುಹೋಗುತ್ತದೆ. ತವರ ಮತ್ತು ಸೀಸಗಳ ಸಾಮಾನ್ಯ ಬೆಸುಗೆ ೧೮೩ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಅದರ ಹೊಗೆಯನ್ನು ಉಸಿರಾಡದಂತೆ ಕಿಟಕಿಯ ಬಳಿ ಕುಳಿತುಕೊಳ್ಳಬೇಕು. ಸೀಸ ಮುಟ್ಟಿದ ಕೈಯಲ್ಲಿ ತಿಂಡಿ ತಿನ್ನಬಾರದು.

ನಮ್ಮ ಮೊದಲ ಮಾದರಿ ಹಾಳಾದುದು ಈ ಹಂತದಲ್ಲಿ. ಮೇಲಿನ ರೆಕ್ಕೆಯ ಮುಂಚೂಣಿಯ ಪಟ್ಟಿಯನ್ನು ಅಲುಗಾಡದಿರಲೆಂದು ಹಲಗೆಯ ಮೇಲೆ ಎರಡು ತುದಿಗಳಲ್ಲಿಯೂ ಬಿಗಿಯಾಗಿ ಹಿಡಿಸಿ, ಒಂದರ ಹಿಂದೊಂದರಂತೆ ನಿಲುಗಂಬಿಗಳನ್ನು ಬೆಸೆಯುತ್ತಾ ಹೋದೆವು. ಮುಗಿಸಿ, ತಣಿದ ಮೇಲೆ ಬಿಚ್ಚಿ ನೋಡಿದರೆ ರೆಕ್ಕೆಯು ಹಾವಿನಂತೆ ಡೊಂಕಾಗಿತ್ತು. ಎರಡು ವಾರದ ಸಂಜೆಗಳ ಕೆಲಸ ಅದು. ಹಿತ್ತಾಳೆಯನ್ನು ದೂರಿದೆವು, ಬೆಸುಗೆಯನ್ನು ದೂರಿದೆವು. ತರಗತಿಯಲ್ಲಿ ಪ್ರತಿವರ್ಷ ಪಾಠ ಹೇಳುವ ಲೆಕ್ಕವನ್ನು ಮಾತ್ರ ಮಾಡಿ ನೋಡಲಿಲ್ಲ. ಮರುದಿನ ಅದನ್ನು ಮಾಡಿದೆವು. ಹಿತ್ತಾಳೆಯು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ೧೯ ಪಾಲು ಹಿಗ್ಗುತ್ತದೆ. ೧೭೧ ಮಿಲಿಮೀಟರಿನ ಪಟ್ಟಿ ಸರಾಸರಿ ೧೦೦ ಡಿಗ್ರಿ ಕಾದರೆ ಹಿಗ್ಗುವುದು ಮಿಲಿಮೀಟರಿನ ಮೂರರಲ್ಲೊಂದು ಪಾಲು ಮಾತ್ರ. ಇಷ್ಟರಿಂದ ಏನಾದೀತು ಎಂದು ತೋರುವುದು ಸಹಜ. ಆದರೆ ತುದಿಗಳು ಅಲುಗದಂತಿರುವಾಗ ಆ ಹೆಚ್ಚಿನ ಉದ್ದಕ್ಕೆ ಹೋಗಲು ದಾರಿಯೆಲ್ಲಿ? ಪಟ್ಟಿಯು ಬಿಲ್ಲಿನಂತೆ ಮೇಲಕ್ಕೇಳಲೇಬೇಕು. ಕಂಸದ ಎತ್ತರವನ್ನು ರೇಖಾಗಣಿತದಿಂದ ಲೆಕ್ಕ ಹಾಕಿದರೆ ನಾಲ್ಕೂವರೆ ಮಿಲಿಮೀಟರು ಬರುತ್ತದೆ! ಹಿಗ್ಗಿದ್ದಕ್ಕಿಂತ ಹದಿನಾಲ್ಕು ಪಟ್ಟು. ಹೀಗೆ ಬಾಗಿದ ಪಟ್ಟಿಗೆ ನಾವು ಕಂಬಿಗಳನ್ನು ಬೆಸೆದೆವು. ತಣಿದು ನೇರವಾಗಲು ಹೊರಟ ಪಟ್ಟಿಯನ್ನು ಆ ಕಂಬಿಗಳು ಅಲ್ಲಲ್ಲಿ ತಡೆದು ನಿಲ್ಲಿಸಿದವು.

ಪರಿಹಾರವನ್ನು ಸೇತುವೆ ಕಟ್ಟುವವರು ಎಂದೋ ಕಂಡುಕೊಂಡಿದ್ದಾರೆ. ಉಕ್ಕಿನ ಸೇತುವೆಯ ಒಂದು ತುದಿಯನ್ನು ಭದ್ರಪಡಿಸಿ ಇನ್ನೊಂದನ್ನು ಉರುಳೆಗಳ ಮೇಲೆ ಕೂರಿಸುವುದುಂಟು. ನಾವೂ ಪಟ್ಟಿಯ ನಡುವನ್ನು ಮಾತ್ರ ಬಿಗಿದು, ತುದಿಗಳು ಎರಡು ಮೊಳೆಗಳ ನಡುವೆ ಜಾರುವಂತೆ ಬಿಟ್ಟು, ನಡುವಿನಿಂದ ಹೊರಕ್ಕೆ ಬೆಸೆಯುತ್ತಾ ಹೋಗಬೇಕು. ಇದರೊಡನೆ ಮತ್ತೊಂದು ಉಪಾಯವೂ ಇದೆ. ಹಿತ್ತಾಳೆಯು ಒಳ್ಳೆಯ ಉಷ್ಣವಾಹಕವಾದ್ದರಿಂದ ಹೊಸ ಕೂಡಿಕೆಯ ಕಾವು ಪಕ್ಕದ ಹಳೆಯ ಕೂಡಿಕೆಯನ್ನೂ ಕರಗಿಸುತ್ತದೆ; ಅಲ್ಲಿ ಒದ್ದೆ ಹತ್ತಿಯ ತುಣುಕನ್ನಿಟ್ಟರೆ ಕಾವು ಮುಂದೆ ಹೋಗದು. ಮೊದಲ ಸುತ್ತಿನ ಕೂಡಿಕೆಗಳನ್ನು ೨೨೭ ಡಿಗ್ರಿಯಲ್ಲಿ ಕರಗುವ, ಸೀಸವಿಲ್ಲದ ತವರ-ತಾಮ್ರದ ಬೆಸುಗೆಯಿಂದಲೂ, ಎರಡನೆಯ ಸುತ್ತನ್ನು ಸಾಮಾನ್ಯ ಬೆಸುಗೆಯಿಂದಲೂ ಮಾಡುವುದು ಇನ್ನೂ ಉತ್ತಮ.

ಮುಗಿದ ಮಾದರಿಯ ತೂಕ ೨೫ ಗ್ರಾಂ ಆಸುಪಾಸಿನಲ್ಲಿರುತ್ತದೆ. ಮೂಲ ವಿಮಾನದ ತೂಕ ಚಾಲಕನಿಲ್ಲದೆ ೨೭೪ ಕಿಲೋಗ್ರಾಂ. ಉದ್ದ, ಅಗಲ, ಎತ್ತರ ಮೂರನ್ನೂ ೭೨ರಿಂದ ಭಾಗಿಸಿದರೆ ತೂಕವು ೭೨ರ ಘನದಿಂದ, ಅಂದರೆ ೩,೭೩,೨೪೮ರಿಂದ ಭಾಗವಾಗಿ, ಮುಕ್ಕಾಲು ಗ್ರಾಮಿಗೂ ತುಸು ಕಡಿಮೆಯಾಗಬೇಕಿತ್ತು. ಅಂತೂ ನಮ್ಮದು ಮೂವತ್ತು ಪಟ್ಟಿಗಿಂತ ಹೆಚ್ಚು ಭಾರ. ಆದ್ದರಿಂದ ಅದು ಹಾರಲಾರದು ಎಂದು ಹೇಳಬಹುದೇ? ಅವಸರಪಡಬಾರದು. ಎಣಿಸಬೇಕಾದುದು ರೆಕ್ಕೆಯ ಪ್ರತಿ ಚದರ ಮೀಟರು ಹೊರುವ ಭಾರವನ್ನು. ಮೂಲದಲ್ಲಿ ಚಾಲಕನೂ ಸೇರಿ ಅದು ೭ ಕಿಲೋಗ್ರಾಮಿಗೂ ಹೆಚ್ಚು. ಹಿತ್ತಾಳೆಯ ಮಾದರಿಯಲ್ಲಿ ೨.೭ ಮಾತ್ರ. ಮೂಲವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೧೪ ಮೀಟರು ವೇಗದಿಂದ ಸಾಗಿ ತೇಲಿದರೆ, ಮಾದರಿಗೆ ಎಂಟೊಂಬತ್ತು ಮೀಟರು ಸಾಕೆಂದು ಲೆಕ್ಕ ಹೇಳುತ್ತದೆ. ಇದನ್ನು ಎಸೆದು ಪರೀಕ್ಷಿಸುವ ಧೈರ್ಯ ನಮಗೆ ಬಂದಿಲ್ಲ. ಈ ಲೆಕ್ಕದಲ್ಲಿ ಒಂದು ಕೊರತೆಯೂ ಇದೆ: ಗಾತ್ರವೂ ವೇಗವೂ ಕುಗ್ಗಿದಂತೆ ಗಾಳಿಯ ಸ್ನಿಗ್ಧತೆಯ ಪ್ರಭಾವ ಹೆಚ್ಚುತ್ತದೆ. ಅದನ್ನು ಸೂಚಿಸುವ ರೆನಾಲ್ಡ್ಸ್ ಸಂಖ್ಯೆ ನಮ್ಮ ಮಾದರಿಯಲ್ಲಿ ಮೂಲದ ನೂರರಲ್ಲೊಂದು ಪಾಲಿಗೂ ಕಡಿಮೆ. ಸ್ವತಃ ರೈಟ್ ಸೋದರರ ಪುಟ್ಟ ತಗಡುಗಳಿಗೂ ಈ ದೋಷ ತಗುಲಿತ್ತು. ಸಣ್ಣ ಗಾತ್ರದಲ್ಲಿ ತೆಳುವಾದ ರೆಕ್ಕೆಯೇ ಮೇಲೆಂದು ತೋರುತ್ತದೆ. ದಪ್ಪ ರೆಕ್ಕೆಯ ಗುಣವು ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಗಟಿಂಗನ್‌ನ ದೊಡ್ಡ ಗಾಳಿಸುರಂಗದಲ್ಲಿ ಸ್ಪಷ್ಟವಾಗಬೇಕಾಯಿತು.

ಕೊನೆಯದು ಬಿಗಿತಂತಿಗಳು. ಮೂಲದಲ್ಲಿ ಇವು ಇಲ್ಲದಿದ್ದರೆ ರೆಕ್ಕೆಗಳು ಕುಸಿಯುತ್ತಿದ್ದವು. ಮಾದರಿಯಲ್ಲಿ ಇವುಗಳಿಗೆ ಕೆಲಸವಿಲ್ಲ; ಏಕೆಂದರೆ ಒಂದೇ ವಸ್ತುವಿನಿಂದ ಮಾಡಿದ ತೊಲೆಯು ತನ್ನ ಭಾರದಿಂದ ಜೋಲುವುದು, ಉದ್ದಕ್ಕೆ ಹೋಲಿಸಿದಾಗ, ಗಾತ್ರ ಇಳಿದಷ್ಟೂ ಇಳಿಯುತ್ತದೆ. ಆದರೂ ಕಣ್ಣಿಗೆ ಅವು ಬೇಕು. ಎರಡು ಮಿಲಿಮೀಟರಿನ ತಂತಿಯನ್ನು ೭೨ರಿಂದ ಭಾಗಿಸಿದರೆ ೦.೦೨೮; ತಲೆಗೂದಲೂ ಇದಕ್ಕಿಂತ ದಪ್ಪ. ವಿದ್ಯುತ್ತಿನ ತಂತಿಯೊಳಗಿನ ೦.೨ ಮಿಲಿಮೀಟರಿನ ಎಳೆಯನ್ನು ಬಳಸಿದರೆ ಮೂಲದಲ್ಲಿ ಬೆರಳು ಗಾತ್ರದ ಸಲಾಕೆಗಳನ್ನು ಹೂಡಿದಂತೆ ಕಾಣುತ್ತದೆ. ಕೆಟ್ಟುಹೋದ ಗೋಡೆ ಗಡಿಯಾರದ ಸುರುಳಿಯಲ್ಲಿರುವ ತಾಮ್ರದ ನವಿರಾದ ತಂತಿ ಯೋಗ್ಯವಾದುದು. ಅದರ ಒಂದು ತುದಿಯನ್ನು ಕಟ್ಟಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು, ತುಸು ಜಗ್ಗಿತೆಂದು ಕೈಗೆ ತಿಳಿಯುವಷ್ಟು ಮೆಲ್ಲನೆ ಎಳೆದರೆ ಸುಕ್ಕೆಲ್ಲ ಹೋಗಿ ಕಡ್ಡಿಯಂತೆ ನೇರವಾಗುತ್ತದೆ. ಮಿತಿ ಮೀರಿ ಹಿಗ್ಗಿದ ತಾಮ್ರ ಗಡುಸೂ ಆಗುತ್ತದೆ. ಇದನ್ನು ಬೆಸೆಯುವ ಬದಲು ಅರಗಿನ ಚುಕ್ಕೆಯಿಂದ ಅಂಟಿಸಬೇಕು.

ಅರಗನ್ನು ಮುಟ್ಟುವ ಮೊದಲೇ, ತಂತಿಗಳಿಲ್ಲದ ಮಾದರಿಯನ್ನು ಬಿಸಿನೀರಿನಲ್ಲಿ ಎರಡು ಸಲ ತೊಳೆದು ಚೆನ್ನಾಗಿ ಒಣಗಿಸಬೇಕು. ದ್ರಾವಕದ ಕ್ಲೋರೈಡು ಸಂದಿಗಳಲ್ಲಿ ಉಳಿದರೆ ಮುಂದಿನ ಮಳೆಗಾಲದಲ್ಲಿ ಕೂಡಿಕೆಗಳ ಸುತ್ತ ಹಸಿರು ಕಿಲುಬು ಏಳುತ್ತದೆ.